ಬಿಸಿಲೂರಿನ ಒಂದು ರಜೆ ದಿನ: ಕೂಲರ್, ನಳ, ಮಾಳಿಗೆಯ ಸುಣ್ಣ, ನಡುವೆ ಒಂದು ನಿದ್ದೆ

ಯುಗಾದಿ ಹತ್ತಿರ ಬಂತೆಂದರೆ ಕಲಬುರಗಿಯಲ್ಲಿ ಕೆಲಸದ ದಿನ ಎರಡು ತುಂಡಾಗುತ್ತದೆ. ಬೆಳಿಗ್ಗೆ ಆರರಿಂದ ಹನ್ನೊಂದೂವರೆಯವರೆಗೆ ಒಂದು ತುಂಡು, ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ಇನ್ನೊಂದು. ನಡುವಿನ ಐದು ತಾಸು ಬಿಸಿಲಿನದ್ದು. ಸರ್ಕಾರವೂ ಇದಕ್ಕೆ ತಲೆಬಾಗಿದೆ: ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ.

ಬೇಸಿಗೆಗೆ ಮನೆ ಸಜ್ಜು ಮಾಡುವ ಮೂರು ಕೆಲಸ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಬಾಕಿ ಇರುತ್ತವೆ: ಅಟ್ಟದಿಂದ ಇಳಿಸಿದ ಕೂಲರ್, ಸೋರುವ ನಳ, ಕಾದ ಮಾಳಿಗೆ. ಹಿಂದಿನ ಸಂಜೆಯ ಒಂದಿಷ್ಟು ತಯಾರಿ, ಮರುದಿನ ಮಾಳಿಗೆಗೆ ಎರಡನೇ ಕೈ ಬಿಟ್ಟರೆ ಮೂರನ್ನೂ ಒಂದೇ ದಿನ ಮುಗಿಸಬಹುದು, ಮಧ್ಯಾಹ್ನದ ನಿದ್ದೆಯನ್ನೂ ಬಿಡಬೇಕಿಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಪ್ಪಬಾರದು. ಹನ್ನೊಂದು ಗಂಟೆಗೆ ಕೂಲರ್ ಬಿಚ್ಚಲು ಕೂತವರು ಎರಡು ಗಂಟೆಗೆ ಮನೆಮಂದಿಯ ಬೈಗುಳ ತಿನ್ನುತ್ತಾರೆ. ನಡುಮಧ್ಯಾಹ್ನ ಮಾಳಿಗೆಗೆ ಸುಣ್ಣ ಬಳಿದವರು ಮರುವಾರ ಅದನ್ನು ಕಸಬರಿಗೆಯಲ್ಲಿ ಗುಡಿಸುತ್ತಾರೆ.

ಹಿಂದಿನ ಸಂಜೆ

ಮೊದಲು ಸುಣ್ಣ ನೆನೆಹಾಕಿ. ಚೀಲದಲ್ಲಿ ಸಿಗುವ ಪುಡಿ ಸುಣ್ಣ 5 ಕೆಜಿಗೆ 10 ಲೀಟರ್ ನೀರು. ನೀರನ್ನು ಮೊದಲು ಹಾಕಿ, ಅದರ ಮೇಲೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಸುರಿದು ಕೋಲಿನಿಂದ ಕಲಸಿ, ಮುಚ್ಚಿಡಿ. ಇನ್ನೂ ನೀರು ಕಾಣದ ಹರಳು ಸುಣ್ಣ ಅಗ್ಗ ಎಂದು ತರುವವರಿದ್ದಾರೆ. ಅದು ನೀರು ಸೋಕಿದೊಡನೆ ಕೊತಕೊತ ಕುದಿಯುತ್ತದೆ, ತೆಳು ಪ್ಲಾಸ್ಟಿಕ್ ಬಕೀಟು ಮೆತ್ತಗಾಗಿ ಸೊಟ್ಟಗಾಗುತ್ತದೆ, ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಪುಡಿ ಸುಣ್ಣವೇ ಸರಿ.

ಎರಡನೆಯದು ನಳ. ಟಾಕಿಯಿಂದ ಬರುವ ವಾಲ್ವ್ ಬಂದ್ ಮಾಡಿ, ಸೋರುವ ನಳವನ್ನು ಪೂರ್ತಿ ಬಿಚ್ಚಿ, ಆ ಜಾಗಕ್ಕೆ ಅರ್ಧ ಇಂಚಿನ ಡಮ್ಮಿ ತಿರುಗಿಸಿಬಿಡಿ. ಚಿಲ್ಲರೆ ಕಾಸಿಗೆ ಸಿಗುವ ಈ ಪ್ಲಾಸ್ಟಿಕ್ ಮುಚ್ಚಳ ಮನೆಯಲ್ಲಿ ಎರಡಾದರೂ ಇರಬೇಕು. ಅದಿದ್ದರೆ ಉಳಿದ ನಳಗಳಿಗೆ ನೀರು ಬಿಟ್ಟುಕೊಳ್ಳಬಹುದು, ಬಿಚ್ಚಿದ ನಳವನ್ನು ಚೀಲದಲ್ಲಿ ಹಾಕಿಕೊಂಡು ನಿಶ್ಚಿಂತೆಯಿಂದ ಬಜಾರಿಗೆ ಹೋಗಬಹುದು. ಅಂಗಡಿಯವರು “ಯಾವ ಸೈಜ್ ಬೇಕ್ರಿ?” ಎಂದಾಗ ಹೆಬ್ಬೆರಳು ತೋರುಬೆರಳು ಸೇರಿಸಿ ಅಂದಾಜು ತೋರಿಸುವ ಗೋಳು ತಪ್ಪುತ್ತದೆ. ಎಷ್ಟೋ ಸಲ ಆ ಅಂದಾಜು ತಪ್ಪಾಗಿ ಎರಡನೇ ಸಲ ಗಾಡಿ ತೆಗೆಯಬೇಕಾಗುತ್ತದೆ.

ಇನ್ನು ಕೂಲರಿನ ಮೂರು ಬದಿಯ ಬಾಗಿಲುಗಳ ಉದ್ದಗಲ ಇಂಚಿನಲ್ಲಿ ಬರೆದುಕೊಳ್ಳಿ. ನಾಳೆ ನಳಕ್ಕೆ ನೀರು ಬರುವ ದಿನವೋ ಅಲ್ಲವೋ ನೋಡಿಕೊಂಡು ಟಾಕಿ ತುಂಬಿಸಿಡಿ. ಕೂಲರ್ ತೊಳೆಯಲು, ಮಾಳಿಗೆ ತೋಯಿಸಲು ನೀರು ಧಾರಾಳವಾಗಿ ಬೇಕು.

ಆರು ಗಂಟೆ: ಕೂಲರ್ ಬಿಚ್ಚುವುದು

ಪ್ಲಗ್ ಕಿತ್ತು, ಅದರ ವೈರನ್ನು ಕೂಲರಿನ ಮೇಲೆಯೇ ಸುತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.

ಮೂರೂ ಬಾಗಿಲು ತೆಗೆದು ಹಳೆ ಹುಲ್ಲನ್ನು ಕಿತ್ತು ಬಿಸಾಡಿ. ಹೋದ ವರ್ಷದ ಹುಲ್ಲು ನೋಡಲು ಚೆನ್ನಾಗಿಯೇ ಕಂಡೀತು, ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡಿ. ಕರಕರ ಎಂದು ಪುಡಿಯುದುರಿದರೆ ಅದರೊಳಗೆ ಉಪ್ಪು ಕಟ್ಟಿದೆ, ನೀರು ಹೀರುವುದಿಲ್ಲ. ಬೋರಿನ ಗಡಸು ನೀರು ಹಾಕುವ ಮನೆಗಳಲ್ಲಿ ಹುಲ್ಲು ಒಂದೇ ಹಂಗಾಮು ಬಾಳುವುದು. ಜೇನುಗೂಡಿನಂಥ ಕಾಗದದ ಪ್ಯಾಡ್ ಇದ್ದರೆ ಎಸೆಯಬೇಡಿ, ಮೆತ್ತನೆ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ, ಸಣ್ಣಗೆ ನೀರು ಬಿಡುತ್ತ ತೊಳೆಯಿರಿ. ಪೈಪಿನಿಂದ ಜೋರಾಗಿ ನೀರು ಹೊಡೆದರೆ ಅಂಚು ಬಿಚ್ಚಿಕೊಳ್ಳುತ್ತದೆ.

ಗಡಸು ನೀರಿನ ಉಪ್ಪು ಕಟ್ಟಿದ ಬಿಳಿ ಪದರ, ಅಂದರೆ ಪಕ್ಕೆಗೆ, ಮದ್ದು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ. ಪಂಪು, ಮೇಲಿನ ಹನಿ ಪೈಪು, ಪ್ಲಾಸ್ಟಿಕ್ ನೀರುದೋಣಿ ಇವನ್ನು ಅದರಲ್ಲಿ ಎರಡು ತಾಸು ಮುಳುಗಿಸಿಡಿ. ಪಂಪಿನ ವೈರಿನ ತುದಿ ನೀರಿನ ಹೊರಗಿರಲಿ. ಮೊದಲ ಹತ್ತು ನಿಮಿಷ ಗುಳ್ಳೆ ಏಳುತ್ತವೆ, ಪಕ್ಕೆ ಕರಗುತ್ತಿದೆ ಎಂದರ್ಥ. ಗುಳ್ಳೆ ನಿಂತೂ ಪಕ್ಕೆ ಉಳಿದಿದ್ದರೆ ದ್ರಾವಣದ ಕಸುವು ಮುಗಿದಿದೆ, ಹೊಸದಾಗಿ ಕಲಸಿ.

ಇಲ್ಲಿ ಎರಡು ಎಚ್ಚರ. ಕೂಲರಿನ ತೊಟ್ಟಿ ತಗಡಿನದ್ದಾದರೆ ಅದಕ್ಕೆ ಈ ಹುಳಿನೀರು ಬೇಡ. ತಗಡಿನ ಮೇಲಿನ ಸತುವಿನ ಪದರ ಕರಗಿ ಮುಂದಿನ ವರ್ಷಕ್ಕೆ ತುಕ್ಕು ಖಾತ್ರಿ. ಪ್ಲಾಸ್ಟಿಕ್ ತುಂಡಿನಿಂದ ಕೆರೆದು ತೆಗೆಯಿರಿ. ಎರಡನೆಯದು ನಮ್ಮ ಕಡೆಯವರಿಗೇ ಹೇಳಬೇಕಾದ್ದು: ಈ ಕೆಲಸವನ್ನು ಫರಸಿಯ (ಶಹಾಬಾದ್ ಕಲ್ಲು ಹಾಸಿದ ನೆಲ) ಮೇಲೆ ಮಾಡಬೇಡಿ. ಶಹಾಬಾದ್ ಕಲ್ಲೆಂದರೆ ಸುಣ್ಣಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟು ಕಾರ್ಖಾನೆಗಳು ಬಂದದ್ದು ಇದೇ ಸುಣ್ಣಕಲ್ಲಿನ ನೆಲಕ್ಕೆ. ಪಂಪಿನ ಪಕ್ಕೆಯನ್ನು ತಿನ್ನುವ ಹುಳಿ ಕಲ್ಲನ್ನೂ ತಿನ್ನುತ್ತದೆ. ವರ್ಷಗಟ್ಟಲೆ ಒರೆಸಿ ನುಣುಪಾದ ನೆಲದ ಮೇಲೆ ಒಂದು ಲೋಟ ಚೆಲ್ಲಿದರೂ ಆ ಜಾಗ ಮಂಕಾಗಿ ಬೆಳ್ಳಗಾಗುತ್ತದೆ, ಎಷ್ಟು ಒರೆಸಿದರೂ ಮೊದಲಿನ ಹೊಳಪು ಬರುವುದಿಲ್ಲ. ಬಚ್ಚಲು ತೊಳೆಯುವ ಆಸಿಡ್ ಅಂತೂ ಫರಸಿಯ ಹತ್ತಿರವೂ ಸುಳಿಯಬಾರದು. ಅಂಗಳದ ಮಣ್ಣಿನಲ್ಲಿ ಬುಟ್ಟಿಯಿಟ್ಟು ಮಾಡಿ.

ಪಂಪು ನೆನೆಯುತ್ತಿರಲಿ. ಅಷ್ಟರಲ್ಲಿ ಫ್ಯಾನಿನ ರೆಕ್ಕೆಯ ಧೂಳು ಒರೆಸಿ, ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗದೆ ಜಗ್ಗಿದರೆ, ಬುಷ್ ಇರುವ ಮೋಟಾರಿನ ಎಣ್ಣೆ ತೂತಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಧೂಳು ಸೇರಿ ಅಂಟಾಗುತ್ತದೆ. ಹೋದ ವರ್ಷ ಫ್ಯಾನು ಗುಂಯ್ ಎನ್ನುತ್ತ ನಿಂತಲ್ಲೇ ನಿಂತು, ಕಡ್ಡಿಯಿಂದ ತಳ್ಳಿದ ಮೇಲೆ ತಿರುಗುತ್ತಿತ್ತೇ? ಹಾಗಿದ್ದರೆ ಹೆಚ್ಚಿನ ಪಾಲು ಮೋಟಾರನ್ನು ಚಾಲೂ ಮಾಡಿಸುವ ಕಂಡೆನ್ಸರ್ ಸೋತಿದೆ. ಅದರ ಮೇಲೆ ಬರೆದ ಮೈಕ್ರೋಫ್ಯಾರಡ್ ಸಂಖ್ಯೆಯನ್ನು ಮೊಬೈಲಿನಲ್ಲಿ ಫೋಟೊ ಹಿಡಿಯಿರಿ. ಅದೇ ಸಂಖ್ಯೆಯದ್ದೇ ತರಬೇಕು. ದೊಡ್ಡದು ಹಾಕಿದರೆ ಗಾಳಿ ಜಾಸ್ತಿ ಬರುತ್ತದೆ ಎಂಬ ಮಾತು ನಂಬಿದವರ ಮೋಟಾರು ಸುಟ್ಟಿದೆ.

ಗಿರಣಿ, ಬಜಾರು

ಎಂಟಕ್ಕೆ ಮೊದಲು ಜೋಳದ ಡಬ್ಬಿ ಗಿರಣಿಗೆ ಕೊಟ್ಟು ಮುಂದೆ ಹೋಗಿ. ಹತ್ತು ಹದಿನೈದು ದಿನಕ್ಕೆ ಸಾಲುವಷ್ಟೇ ಬೀಸಿಸಿ. ಜೋಳದ ಹಿಟ್ಟು ಹಳೆಯದಾದಷ್ಟೂ ಕಹಿಯಾಗುತ್ತದೆ, ಜಿಗಿ ಕಳೆದುಕೊಂಡು ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಡಬ್ಬಿ ಕೊಡುವಾಗ “ಇದಕ್ಕ ಮೊದಲ ಏನ್ ಬೀಸೀರಿ?” ಎಂದು ಕೇಳಿ. ಉತ್ತರ ಮೆಣಸಿನಕಾಯಿ ಆಗಿದ್ದರೆ ಇನ್ನಿಬ್ಬರ ಡಬ್ಬಿ ಮುಂದೆ ಹೋಗಲಿ. ಮನೆಗೆ ತಂದ ಬಿಸಿ ಹಿಟ್ಟನ್ನು ಪರಾತದಲ್ಲಿ ಹರಡಿ, ತಣಿದ ಮೇಲೆಯೇ ಮುಚ್ಚಳ ಹಾಕಿ. ಇಲ್ಲದಿದ್ದರೆ ಮುಚ್ಚಳದ ಒಳಗೆ ಬೆವರಿಳಿದು ಹಿಟ್ಟು ಗಂಟು ಕಟ್ಟುತ್ತದೆ.

ತರಕಾರಿ ಸೂಪರ್ ಮಾರ್ಕೆಟ್ ಎಂಬ ಬಜಾರಿನ ಕಡೆ ಬೆಳಿಗ್ಗೆಯೇ ತಾಜಾ. ಪುಂಡಿ ಸೊಪ್ಪು, ಮೆಂತ್ಯೆ ಹತ್ತು ಗಂಟೆಯ ಹೊತ್ತಿಗೆ ತಲೆಬಾಗಿರುತ್ತವೆ. ಹಾರ್ಡ್‌ವೇರ್ ಅಂಗಡಿಗಳು ತಡವಾಗಿ ತೆರೆಯುತ್ತವೆ, ಕೆಲವಕ್ಕೆ ಭಾನುವಾರವೇ ರಜೆ. ಹಿಂದಿನ ದಿನ ಫೋನು ಮಾಡಿ ಕೇಳಿಕೊಳ್ಳಿ. ತರಬೇಕಾದ್ದು: ಅಳತೆಗೆ ತಕ್ಕ ಕೂಲರ್ ಹುಲ್ಲು, ಸುತಳಿ ಒಂದು ಉಂಡೆ, ಬೇಕಿದ್ದರೆ ಕಂಡೆನ್ಸರ್, ನಳದ ವಾಷರ್ ಎರಡು (ಒಂದು ಮುಂದಕ್ಕೆ), ಥ್ರೆಡ್‌ಗೆ ಸುತ್ತುವ ಬಿಳಿ ಟೇಪು, ಮಾಳಿಗೆಗೆ ಅಗಲ ಬ್ರಷ್ಷು, ಅರ್ಧ ಕೆಜಿ ಬಿಳಿ ಗೋಂದು, ರಬ್ಬರ್ ಕೈಗವಸು, ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ. ಹುಲ್ಲನ್ನು ಮೂಗಿಗೆ ಹಿಡಿದು ನೋಡಿ ಕೊಳ್ಳಿ. ಈಗಲೇ ಮುಗ್ಗು ವಾಸನೆ ಬಂದರೆ ನೀರು ಬಿದ್ದ ಮೇಲೆ ಇಡೀ ಕೋಣೆ ನಾರುತ್ತದೆ.

ಹನ್ನೊಂದರೊಳಗೆ ಮನೆ ಸೇರಿ.

ಹುಲ್ಲು ಕಟ್ಟಿ ನೀರು ಹರಿಸುವುದು

ಹೊಸ ಹುಲ್ಲನ್ನು ಬಕೀಟಿನಲ್ಲಿ ಅದ್ದಿ ಮೊದಲ ಕಂದು ನೀರನ್ನು ಚೆಲ್ಲಿ. ಆಮೇಲೆ ಕೈಯಿಂದ ಎಳೆ ಬಿಡಿಸಿ, ಬಾಗಿಲಿನ ತುಂಬ ಒಂದೇ ದಪ್ಪಕ್ಕೆ, ಒಂದು ಇಂಚಿಗೆ ಸ್ವಲ್ಪ ಮೇಲೆ, ಹರಡಿ. ಬಾಗಿಲನ್ನು ಬೆಳಕಿಗೆ ಹಿಡಿದರೆ ಎಲ್ಲ ಕಡೆ ಮಸುಕಾಗಿ ಬೆಳಕು ಕಾಣಬೇಕು. ಒಂದು ಕಡೆ ಹೊಳೆದು, ಇನ್ನೊಂದು ಕಡೆ ಕತ್ತಲಿದ್ದರೆ ಬಿಸಿಗಾಳಿ ತೆಳುವಾದ ಕಡೆಯಿಂದಲೇ ನುಗ್ಗುತ್ತದೆ, ತಂಪಾಗುವುದಿಲ್ಲ. ಗಟ್ಟಿಯಾಗಿ ತುರುಕಿದರೆ ಗಾಳಿಯೇ ಬರುವುದಿಲ್ಲ.

ಬಹಳಷ್ಟು ಮಂದಿ ಕೆಡಿಸುವುದು ಮೇಲಂಚಿನಲ್ಲಿ. ಹುಲ್ಲು ಒಣಗಿದ್ದಾಗ ಬಾಗಿಲಿನ ತುದಿಯವರೆಗೆ ತುಂಬಿರುತ್ತದೆ, ನೀರು ಕುಡಿದು ಭಾರವಾದ ಮೇಲೆ ಎರಡು ಬೆರಳು ಕೆಳಗೆ ಕುಸಿಯುತ್ತದೆ. ಆ ಸಂದಿನಿಂದ ನೇರವಾಗಿ ಬಿಸಿಲ ಗಾಳಿ ಒಳಬರುತ್ತದೆ, ನಾವು ಕೂಲರ್ ಕೆಟ್ಟಿತೆಂದು ಬಯ್ಯುತ್ತೇವೆ. ಆದ್ದರಿಂದ ಮೇಲೆ ಮೂರು ನಾಲ್ಕು ಇಂಚು ಹೆಚ್ಚಿಗೆ ಬಿಟ್ಟು, ಒಳಕ್ಕೆ ಮಡಚಿ, ಜಾಳಿಗೆಗೆ ಸುತಳಿಯಿಂದ ಗೇಣಿಗೊಂದರಂತೆ ಬಿಗಿಯಿರಿ.

ನೆನೆದ ಪಂಪನ್ನು ತೊಳೆದು, ಅಡಿಯ ಜಾಳಿ ಬಿಚ್ಚಿ ಚಕ್ರಕ್ಕೆ ಸುತ್ತಿದ ಕೂದಲು, ಹುಲ್ಲಿನ ಎಳೆ ತೆಗೆಯಿರಿ. ಹನಿ ಪೈಪಿನ ಪ್ರತಿ ತೂತಿಗೂ ದಬ್ಬಣ ಹಾಕಿ ಬಿಡಿಸಿ. ತೊಟ್ಟಿಗೆ ನೀರು ತುಂಬಿ ಪಂಪು ಪೂರ್ತಿ ಮುಳುಗಿದ ಮೇಲೆಯೇ ಚಾಲೂ ಮಾಡಿ. ಅದನ್ನು ತಣ್ಣಗಿಡುವುದು ಸುತ್ತಲಿನ ನೀರೇ, ಒಣಗಿ ಓಡಿದರೆ ಸುಡುತ್ತದೆ. ಫ್ಯಾನು ಹಾಕದೆ ಹದಿನೈದು ನಿಮಿಷ ಪಂಪು ಮಾತ್ರ ಓಡಲಿ. ಹುಲ್ಲಿನ ಮೇಲೆ ಎಲ್ಲಿಯಾದರೂ ಒಣ ಪಟ್ಟಿ ಉಳಿಯಿತೇ ನೋಡಿ. ಒಂದೇ ಪಟ್ಟಿ ಒಣಗಿದ್ದರೆ ಅದರ ಮೇಲಿನ ತೂತು ಕಟ್ಟಿದೆ. ಒಂದು ಬದಿ ಇಡಿಯಾಗಿ ಒಣಗಿದ್ದರೆ ಕೂಲರ್ ವಾಲಿದೆ, ಕಾಲಡಿ ಕಲ್ಲಿನ ಚಕ್ಕೆ ಕೊಟ್ಟು ಮಟ್ಟ ಮಾಡಿ. ಫ್ಯಾನು ಹಾಕಿದಾಗ ಮುಖಕ್ಕೆ ಹನಿ ಹಾರಿದರೆ ನೀರು ಹೆಚ್ಚಾಗಿದೆ, ಪೈಪನ್ನು ಸ್ವಲ್ಪ ಒತ್ತಿ ಕಟ್ಟಿ.

ತಗಡಿನ ಕೂಲರ್ ಇದ್ದವರು ಇಷ್ಟಕ್ಕೇ ನಿಲ್ಲಬಾರದು. ನೀರು, ತಗಡು, ಕರೆಂಟು ಮೂರೂ ಒಂದೇ ಡಬ್ಬಿಯಲ್ಲಿರುವ ಯಂತ್ರ ಇದು. ಮೂರು ಕಾಲಿನ ಪ್ಲಗ್ ಇದ್ದರೆ ಸಾಲದು, ದಪ್ಪ ಕಾಲಿನ ವೈರು ಕೂಲರಿನ ಮೈಗೆ ಗಟ್ಟಿಯಾಗಿ ಸೇರಿರಬೇಕು, ಗೋಡೆಯ ಸಾಕೆಟ್ಟಿನ ಅರ್ಥಿಂಗ್ ಸರಿಯಿರಬೇಕು. ವೈರ್‌ಮನ್ ಕರೆಸಿ ಎರಡನ್ನೂ ಮೀಟರಿನಲ್ಲಿ ನೋಡಿಸಿ, ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ. ನೀರು ತುಂಬುವಾಗ ಪ್ಲಗ್ ಕಿತ್ತಿರಬೇಕು. ಮೈ ಮುಟ್ಟಿದರೆ ಜುಂ ಎನ್ನುವ ಕೂಲರನ್ನು ಚಪ್ಪಲಿ ಹಾಕಿಕೊಂಡು ಬಳಸುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಆ ಜುಂ ಎಂದರೆ ಕರೆಂಟು ಆಗಲೇ ಮೈಗಿಳಿದಿದೆ.

ಕೂಲರ್ ಕಿಟಕಿಯ ಹೊರಗಿದ್ದು ಹೊರಗಿನ ಒಣಗಾಳಿ ಎಳೆಯಬೇಕು, ಎದುರಿನ ಬಾಗಿಲೋ ಕಿಟಕಿಯೋ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಅದೇ ಗಾಳಿ ತಿರುತಿರುಗಿ ಬಂದರೆ ಅರ್ಧ ತಾಸಿಗೆ ಮೈ ಜಿಗಿಜಿಗಿ. ಮಳೆಗಾಲ ಹಿಡಿದ ಮೇಲೆ ಪಂಪು ಬಂದ್ ಮಾಡಿ ಫ್ಯಾನು ಮಾತ್ರ ಹಾಕಿ, ಗಾಳಿಯಲ್ಲೇ ನೀರಿದ್ದಾಗ ಹುಲ್ಲಿನ ನೀರು ಆರುವುದಿಲ್ಲ. ಇನ್ನು ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ, ಗೋಡೆಗಳನ್ನು ತಿಕ್ಕಿ ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಅಂಚಿನ ಗೋಡೆಗೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗುವುದಿಲ್ಲ. ಉಪ್ಪು ಕಟ್ಟುವುದೂ ಇದರಿಂದ ಕಡಿಮೆಯಾಗುತ್ತದೆ.

ಹನ್ನೆರಡರಿಂದ ನಾಲ್ಕು

ಕಿಟಕಿಗೆ ಪರದೆ, ಊಟಕ್ಕೆ ರೊಟ್ಟಿ, ಪುಂಡಿ ಪಲ್ಯ, ಉಳ್ಳಾಗಡ್ಡಿ, ಮೇಲೊಂದು ತಂಬಿಗೆ ಮಜ್ಜಿಗೆ. ಬಿಸಿಲಲ್ಲಿ ತಿರುಗಿ ಬಂದವರಿಗೆ ತಲೆಸುತ್ತು ಬಂದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕೊಡಿ. ಮೈ ಕೆಂಡವಾಗಿ ಮಾತು ತೊದಲಿದರೆ ಮನೆಮದ್ದು ಮಾಡುತ್ತ ಕೂರಬೇಡಿ, ಮೈಗೆ ನೀರು ಹಚ್ಚುತ್ತ 108ಕ್ಕೆ ಫೋನು ಮಾಡಿ.

ಮಲಗಿ. ಹೊಸ ಕೂಲರ್ ಹುಲ್ಲಿನ ವಾಸನೆಯಲ್ಲಿ ಬರುವ ನಿದ್ದೆ ವರ್ಷಕ್ಕೊಮ್ಮೆ ಸಿಗುವಂಥದ್ದು. “ಒಂದು ನಳ ಅಷ್ಟೇ ಅಲ್ಲೇನು” ಎಂದು ಎರಡು ಗಂಟೆಗೆ ಏಳುವವರಿಗೆ ಒಂದು ಮಾತು: ಆಗ ಮಾಳಿಗೆಯ ಕರಿ ಟಾಕಿಯ ನೀರು ಕೈಗೆ ಸುರುಕು ಎನ್ನುತ್ತದೆ.

ನಳ

ಬಂದ್ ಮಾಡಿದಾಗ ಮೂತಿಯಿಂದ ತೊಟ್ಟಿಕ್ಕಿದರೆ ವಾಷರ್ ಸವೆದಿದೆ. ತೆರೆದಾಗ ಹಿಡಿಕೆಯ ಬುಡದಲ್ಲಿ ಜಿನುಗಿದರೆ ಗ್ಲ್ಯಾಂಡ್ ಸಡಿಲಾಗಿದೆ. ಅಲ್ಲಿನ ನಟ್ಟನ್ನು ಕಾಲು ಸುತ್ತು ಬಿಗಿದರೆ ಸಾಕು, ನಿಲ್ಲದಿದ್ದರೆ ಅದರೊಳಗೆ ನಾಲ್ಕು ಸುತ್ತು ಟೇಪು ಹುರಿಮಾಡಿ ತುಂಬಿ.

ಹಳೆ ಹಿತ್ತಾಳೆ ನಳದ ತಲೆ ಬಿಚ್ಚಿ ವಾಷರ್ ಬದಲಿಸುವಾಗ ಒಳಗಿನ ಪೀಠಕ್ಕೆ ಕಿರುಬೆರಳು ಆಡಿಸಿ. ನುಣುಪಾಗಿದ್ದರೆ ಸರಿ. ಗೀರು, ಗುಂಡಿ ಹತ್ತಿದರೆ ಹೊಸ ವಾಷರ್ ವಾರದಲ್ಲೇ ಕತ್ತರಿಸಿಹೋಗುತ್ತದೆ, ನಳವನ್ನೇ ಬದಲಿಸುವುದು ಲೇಸು. ಕಾಲು ಸುತ್ತಿಗೇ ತೆರೆಯುವ ಹೊಸ ನಮೂನೆಯ ನಳಗಳಲ್ಲಿ ವಾಷರ್ ಇರುವುದಿಲ್ಲ, ಒಳಗೆ ತಿರುಗುವ ತುಂಡು (ಸ್ಪಿಂಡಲ್) ಇಡಿಯಾಗಿ ಬದಲಾಗಬೇಕು. ಅದನ್ನು ಕೆಡಿಸುವುದು ಟಾಕಿಯ ತಳದ ಮಣ್ಣು, ಹಾಗಾಗಿ ಟಾಕಿ ತೊಳೆಯದೆ ಹಾಕಿದ ಸ್ಪಿಂಡಲ್ ಬೇಗ ಹೋಗುತ್ತದೆ.

ಮತ್ತೆ ಕೂರಿಸುವ ಮೊದಲು ಥ್ರೆಡ್‌ನಲ್ಲಿರುವ ಹಳೆ ಟೇಪು, ಸಣಬು ಎಲ್ಲ ತೆಗೆಯಿರಿ. ಥ್ರೆಡ್‌ನ ತುದಿ ನಿಮ್ಮ ಕಡೆಗಿರಲಿ, ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಂಟು ಹತ್ತು ಸುತ್ತು, ಎಳೆದು ಹಿಡಿದು ಸುತ್ತಿ. ದಿಕ್ಕು ತಪ್ಪಿದರೆ ನಳ ತಿರುಗಿಸುವಾಗ ಟೇಪು ಬಿಚ್ಚಿ ಹೊರಬರುತ್ತದೆ. ಕೈಯಿಂದ ಆದಷ್ಟು ತಿರುಗಿಸಿ, ಪಾನಾದಿಂದ ಕೊನೆಯ ಒಂದು ಸುತ್ತು ಮಾತ್ರ. ಗೋಡೆಯೊಳಗಿನದು ಪ್ಲಾಸ್ಟಿಕ್ ಎಲ್ಬೋ ಆಗಿದ್ದರೆ ಇನ್ನೂ ಮೆಲ್ಲಗೆ: ಅದು ಸೀಳಿದರೆ ಗೋಡೆ ಒಡೆಯಬೇಕು.

ಮಾಳಿಗೆ

ಇದು ಸಿಮೆಂಟಿನ ಮಾಳಿಗೆಗೆ ಹೇಳುವ ಮಾತು. ಮಣ್ಣಿನ ಮಾಳಿಗೆಯ ಹಳೆ ಮನೆಯವರು ನೀರೂ ಚಿಮುಕಿಸಬೇಡಿ, ಸುಣ್ಣವೂ ಬೇಡ.

ಐದು ಗಂಟೆಗೆ ಗುಡಿಸಿ, ಪಾಚಿಯ ಕರಿ ಪದರವನ್ನು ತಂತಿ ಬ್ರಷ್ಷಿನಿಂದ ಕೆರೆಯಿರಿ. ಧೂಳಿನ ಮೇಲೆ ಬಳಿದ ಸುಣ್ಣ ಧೂಳಿನ ಸಂಗಡವೇ ಏಳುತ್ತದೆ. ಬಳಿಕ ನೀರು ಚಿಮುಕಿಸಿ. ಮೊದಲ ಸಲ ಆವಿಯಾಗಿ ಹಾರಿಹೋಗುತ್ತದೆ, ಎರಡನೇ ಸಲವೂ ಅರ್ಧ ಕುಡಿಯುತ್ತದೆ. ಬರಿಗಾಲಲ್ಲಿ ನಿಲ್ಲುವಷ್ಟು ತಣ್ಣಗಾಗಿ, ನೀರು ನಿಲ್ಲದೆ ಕೇವಲ ತೇವ ಉಳಿದಾಗ ಬಳಿಯಲು ಹದ. ಸುಣ್ಣ ಗಟ್ಟಿಯಾಗುವುದು ತೇವವಿರುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ. ಕಾದ ಮಾಳಿಗೆಯಲ್ಲಿ ಅದು ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗಿ ಉಳಿಯುತ್ತದೆ.

ರಾತ್ರಿ ನೆನೆದ ಸುಣ್ಣವನ್ನು ಹಳೆ ಸೀರೆಯ ತುಂಡಿನಲ್ಲಿ ಸೋಸಿ. ಅರ್ಧ ಕೆಜಿ ಗೋಂದನ್ನು ಬೆಚ್ಚಗಿನ ನೀರಿನಲ್ಲಿ ಬೇರೆಯಾಗಿ ಕದಡಿ ಅದಕ್ಕೆ ಸೇರಿಸಿ, ತಂಬಿಗೆಯ ಮಜ್ಜಿಗೆಯಷ್ಟು ತೆಳುವಾಗುವಂತೆ ನೀರು ಬೆರೆಸಿ. ಮೊದಲು ಹತ್ತು ಅಡಿ ಚೌಕಕ್ಕೆ ಬಳಿದು ಎಷ್ಟು ಹಿಡಿಯಿತೆಂದು ನೋಡಿದರೆ ಇಡೀ ಮಾಳಿಗೆಗೆ ಎಷ್ಟು ಬೇಕೆಂಬ ಲೆಕ್ಕ ಸಿಗುತ್ತದೆ. ಹಸಿಯಿರುವಾಗ ಸುಣ್ಣ ನೀರಿನಂತೆ ಪಾರದರ್ಶಕವಾಗಿ ಕಾಣುತ್ತದೆ. ಇದನ್ನು ಕಂಡು ಗಾಬರಿಯಾಗಿ ದಪ್ಪಗೆ ಬಳಿಯಬೇಡಿ, ಬೆಳ್ಳಗಾಗುವುದು ಒಣಗಿದ ಮೇಲೆ. ದಪ್ಪ ಪದರ ಹಪ್ಪಳದ ಹಾಗೆ ಎದ್ದುಬರುತ್ತದೆ. ಸುಣ್ಣ ತಳಕ್ಕಿಳಿಯುತ್ತಲೇ ಇರುತ್ತದೆ, ಆಗಾಗ ಕಲಕಿ.

ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೆ ಹನಿ ಬಿದ್ದರೆ ಉಜ್ಜದೆ ಹದಿನೈದು ನಿಮಿಷ ಶುದ್ಧ ನೀರು ಬಿಡಿ, ಆಮೇಲೆ ನೇರವಾಗಿ ಕಣ್ಣಿನ ಡಾಕ್ಟರ ಹತ್ತಿರ. ಬಳಿಯುವಾಗ ಹಿಂದಕ್ಕೆ ಸರಿಯುತ್ತ ಹೋಗುತ್ತೇವಲ್ಲ, ಆದ್ದರಿಂದ ಅಂಚಿನಿಂದ ಶುರುಮಾಡಿ ಮೆಟ್ಟಿಲಿನ ಕಡೆಗೆ ಬನ್ನಿ. ಕಟ್ಟೆ ಇಲ್ಲದ ಮಾಳಿಗೆಯಲ್ಲಿ ಅಂಚಿಗೆ ಬೆನ್ನು ಕೊಡಲೇಬಾರದು. ಟಾಕಿಗೆ ಒಂದೆರಡು ಗೋಣಿತಟ್ಟು ಸುತ್ತಿ ಕಟ್ಟಿ, ಎರಡನೇ ಕೈಗೆ ಬೇಕಾದ್ದನ್ನು ತೆಗೆದಿಟ್ಟು, ಮಿಕ್ಕ ಸುಣ್ಣವನ್ನು ಅದರ ಮೇಲೂ ಬಳಿದುಬಿಡಿ.

ಮರುದಿನ ಬಿಸಿಲೇರುವ ಮೊದಲು ಹಗುರವಾಗಿ ನೀರು ಚಿಮುಕಿಸಿ, ಸಂಜೆ ಎರಡನೇ ಕೈಯನ್ನು ಮೊದಲಿನದಕ್ಕೆ ಅಡ್ಡಲಾಗಿ ಬಳಿಯಿರಿ. ಮಳೆನೀರು ಹಿಡಿಯುವವರು ಮೊದಲ ಎರಡು ಮೂರು ಮಳೆಯ ನೀರನ್ನು ಹೊರಕ್ಕೆ ಬಿಡಬೇಕು.

ಬ್ರಷ್ಷು, ಬಕೀಟುಗಳನ್ನು ಮಾಳಿಗೆಯ ಮೇಲೆಯೇ ತೊಳೆದು ಇಳಿಯಿರಿ. ಆದರೂ ಕಾಲಿಗಂಟಿದ ಸುಣ್ಣ ಮೆಟ್ಟಿಲ ಫರಸಿಯ ಮೇಲೆ ಹೆಜ್ಜೆ ಮೂಡಿಸುತ್ತದೆ. ಆರುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ. ಆರಿಹೋಗಿದ್ದರೆ ನೀರು ಹಚ್ಚಿ ನೆನೆಸಿ, ಪ್ಲಾಸ್ಟಿಕ್ ತುಂಡಿನಿಂದ ಮೆಲ್ಲಗೆ ಕೆರೆಯಿರಿ. ಬೆಳಿಗ್ಗೆಯ ನಿಂಬೆ ಉಪ್ಪಿನ ನೀರು ಇನ್ನೂ ಬುಟ್ಟಿಯಲ್ಲಿ ಉಳಿದಿದ್ದರೆ ಅದನ್ನು ಅಂಗಳದ ಮೋರಿಗೆ ಚೆಲ್ಲಿಬಿಡಿ, ಯಾರಾದರೂ ಅದರಲ್ಲಿ ಬಟ್ಟೆ ಅದ್ದಿಕೊಂಡು ಮೆಟ್ಟಿಲು ಒರೆಸಲು ಹೊರಡುವ ಮೊದಲು.